‘ಹೊತೆಪ್’ ಎಂಬ ಶಬ್ದದ ವಿಚಾರ

ನಮ್ಮ ವಾಚನಾಲಯದ ಮಿತ್ರರು ಎಂಟು ಹತ್ತು ಮಂದಿ ಈಚೆಗೆ ಒಂದು ಆದಿತ್ಯವಾರ ಕಾಚಿಗೂಡದಿಂದ ಹೊರಟು, ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ನಿನಲ್ಲಿರುವ ರಾಜ್ಯ ವಸ್ತುಸಂಗ್ರಹಾಲಯವನ್ನು ನೋಡಿ ಬಂದೆವು. ಹಳೆಯ ಜನ ಆ ತೋಟವನ್ನು ಇಂದಿಗೂ ಬಾಗೆ ಆಮ್ ಎನ್ನುತ್ತಾರೆ. ನಾವು ಹೋದದ್ದು ಚಾಲುಕ್ಯರ ಕಾಲದ ಶಿಲ್ಪಗಳನ್ನು ನೋಡಬೇಕೆಂದು. ಹೊತ್ತೆಲ್ಲ ಕಳೆದದ್ದು ಮಾತ್ರ ಈಜಿಪ್ತ ದೇಶದ ಮಮ್ಮಿಯ ಮುಂದೆ. ಆರನೆಯ ನಿಜಾಮರ ಅಳಿಯಂದಿರಾದ ನಜೀರ್ ನವಾಜ್ ಜಂಗರು 1920ರ ಸುಮಾರಿಗೆ ಸಾವಿರ ಪೌಂಡು ಕೊಟ್ಟು ಇದನ್ನು ಕೊಂಡುತಂದರೆಂದೂ, ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರಿಗೆ ಒಪ್ಪಿಸಿದರೆಂದೂ, ಅವರು 1930ರಲ್ಲಿ ಇದನ್ನು ವಸ್ತುಸಂಗ್ರಹಾಲಯಕ್ಕೆ ದಾನಮಾಡಿದರೆಂದೂ ಹೇಳಿಕೆಯಿದೆ. ಹುಡುಗಿಯ ಹೆಸರು ನೈಷು. ಕಾಲ ಕ್ರಿ.ಪೂ. 300ರಿಂದ 100ರ ಒಳಗೆ. ‘ಆರನೆಯ ಫೆರೋನ ಮಗಳು’ ಎಂದೂ ಹೇಳುತ್ತಾರೆ. ಆದರೆ ಆ ಕಾಲಕ್ಕೆ ಈಜಿಪ್ತದಲ್ಲಿ ಮೂವತ್ತು ರಾಜವಂಶಗಳೇ ಮುಗಿದು, ಗ್ರೀಕ್ ಮೂಲದ ತೊಲೆಮಿ ಅರಸರ ಆಳ್ವಿಕೆ ನಡೆದಿತ್ತಾದ್ದರಿಂದ ಈ ‘ಆರನೆಯ’ ಎಂಬ ಮಾತನ್ನು ನಾವು ಅಷ್ಟಾಗಿ ನಂಬಲಾರೆವು. 2016ರಲ್ಲಿ ಈ ದೇಹಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿಸಿ ಪರೀಕ್ಷಿಸಿದರು.

ಮಮ್ಮಿ ಎಂಬ ಮಾತಿನ ಮೂಲ ನಮ್ಮೂರ ಅಂಗಡಿಯಲ್ಲೇ ಇದೆ. ಪಾರಸಿಯಲ್ಲಿ ಮೂಮ್ ಎಂದರೆ ಮೇಣ. ನಾವು ಕರೆಂಟು ಹೋದಾಗ ಹಚ್ಚುವ ಮೋಮ್‌ಬತ್ತಿಯಲ್ಲಿರುವುದು ಅದೇ ಮೋಮ್. ಅದರಿಂದ ಮೂಮಿಯಾ, ಅದು ಅರಬ್ಬಿಯ ಮೂಲಕ ಯೂರೋಪಿಗೆ ಹೋಗಿ ಮಮ್ಮಿ.

ಆದರೆ ಇಂದು ನಾವು ಹೇಳಹೊರಟದ್ದು ಆ ಮಾತಿನ ವಿಚಾರವಲ್ಲ. ಗಾಜಿನ ಪೆಟ್ಟಿಗೆಯ ಎದುರಿಗೆ ನಿಂತಿದ್ದಾಗ ಬೀದರ ಕಡೆಯ ಮಿತ್ರರೊಬ್ಬರು, ಲೆಕ್ಕಪತ್ರದ ಕೆಲಸದಲ್ಲಿರುವವರು, ಒಂದು ಪ್ರಶ್ನೆ ಎತ್ತಿದರು: “ಅಮೆನ್‌ಹೊತೆಪ್, ಇಮ್‌ಹೊತೆಪ್, ಪ್ತಾಹ್‌ಹೊತೆಪ್, ಈ ದೇಶದವರ ಹೆಸರಿಗೆಲ್ಲ ಹೊತೆಪ್ ಯಾಕ್ರೀ? ಅದೇನು ಅಡ್ಡಹೆಸರೋ, ಪದವಿಯೋ?” ಇನ್ನೊಬ್ಬರು ತಡಮಾಡದೆ, “ಅದು ನಮ್ಮ ಹೊಟ್ಟೆಯೇ ಇರಬೇಕು, ಹೊಟ್ಟೆಪ್ಪ!” ಎಂದರು. ಎಲ್ಲರೂ ನಕ್ಕೆವು. ಆದರೆ ದಾರಿಯಲ್ಲಿ ಹಿಂದಿರುಗುವಾಗ ಅದೇ ತಮಾಷೆ ವಾದವಾಯಿತು. ಕನ್ನಡವೇ ಈಜಿಪ್ತಕ್ಕೆ ಹೋಯಿತೆಂದು ಇಬ್ಬರು ಹಟಹಿಡಿದರು. ಆಮೇಲೆ ನಾಲ್ಕಾರು ವಾರ ಪುಸ್ತಕಗಳನ್ನು ತಡಕಾಡಿ ತಿಳಿದುದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಮೊದಲು ಹೊಟ್ಟೆಯ ವಾದವನ್ನು ತೀರಿಸಿಬಿಡೋಣ. ಪ್ರಾಚೀನ ಈಜಿಪ್ತದವರು ತಮ್ಮ ಚಿತ್ರಲಿಪಿಯಲ್ಲಿ ಸ್ವರಗಳನ್ನು ಬರೆಯುತ್ತಿರಲಿಲ್ಲ. ವ್ಯಂಜನಗಳನ್ನು ಮಾತ್ರ ಬರೆಯುತ್ತಿದ್ದರು. ಕನ್ನಡಿಗರಾದ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಕಾಗುಣಿತವನ್ನೆಲ್ಲ ತೆಗೆದುಹಾಕಿ ಬರಿಯ ‘ಕ್-ಡ್’ ಎಂದು ಬರೆದರೆ ಏನೆಂದು ಓದುವುದು? ಕಡು, ಕಾಡು, ಕುಡಿ, ಕೂಡು, ಕೆಡು, ಕೇಡು, ಕೊಡು, ಕೋಡು—ಎಲ್ಲವೂ ಆಗಬಹುದು. ಆದರೆ ಹೈದರಾಬಾದಿನಲ್ಲಿರುವ ನಾವು ಇಂಥ ಬರಹವನ್ನು ಅರಿಯದವರೇನೂ ಅಲ್ಲ. ಉರ್ದುವಿನಲ್ಲಿ ‘ಇಸ್’ ಎಂಬುದನ್ನೂ ‘ಉಸ್’ ಎಂಬುದನ್ನೂ ಸಾಮಾನ್ಯವಾಗಿ ಒಂದೇ ರೀತಿ ಬರೆಯುತ್ತಾರೆ. ಓದುವವನು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾನೆ. ಈಜಿಪ್ತದ ಲಿಪಿಕಾರನಿಗೆ ಇನ್ನೊಂದು ಅನುಕೂಲವಿತ್ತು. ಶಬ್ದದ ಕೊನೆಗೆ ಅರ್ಥಸೂಚಕವಾದ ಒಂದು ಚಿತ್ರವನ್ನು ಇಡುತ್ತಿದ್ದ. ನಮ್ಮ ‘ಕ್-ಡ್’ದ ಮುಂದೆ ಗಿಡ ಬರೆದರೆ ಕಾಡು, ಚಾಚಿದ ಕೈ ಬರೆದರೆ ಕೊಡು.

ಆದುದರಿಂದ ಕಲ್ಲಿನ ಮೇಲೆ ನಿಜವಾಗಿ ಇರುವುದು ಹ್-ತ್-ಪ್ ಎಂಬ ಮೂರು ವ್ಯಂಜನಗಳು. ಇಲ್ಲಿನ ಹಕಾರವೂ ನಮ್ಮ ಹಕಾರವಲ್ಲ. ಗಂಟಲಿನ ಆಳದಿಂದ ಬರುವುದು. ಹೈದರಾಬಾದ್ ಎಂದು ಉರ್ದುವಿನಲ್ಲಿ ಬರೆದಾಗ ಮೊದಲು ಬರುವ ‘ಬಡೀ ಹೇ’ ಅಕ್ಷರವನ್ನು ಅರಬರು ಉಚ್ಚರಿಸುವ ರೀತಿ ಅದು. ‘ಹೊತೆಪ್’ನಲ್ಲಿರುವ ಎಕಾರ ಪಂಡಿತರು ನಾಲಗೆ ಹೊರಳಲೆಂದು ಸೇರಿಸಿಕೊಂಡದ್ದು. ಒಕಾರಕ್ಕೆ ಮಾತ್ರ ಆಧಾರವುಂಟು. ಪ್ರಾಚೀನ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್ ಭಾಷೆಯನ್ನು ಗ್ರೀಕ್ ಅಕ್ಷರಗಳಲ್ಲಿ, ಸ್ವರ ಸಹಿತವಾಗಿ ಬರೆದರು. ಅದರಲ್ಲಿ ಈ ಧಾತು ‘ಹೋತ್ಪ್’ ಎಂದೂ ‘ಹೊತ್ಪ್’ ಎಂದೂ ಉಳಿದಿದೆ. ಆದರೆ ಕಾಪ್ಟಿಕ್ ಕ್ರಿಸ್ತಶಕದ ಭಾಷೆ. ಅದಕ್ಕಿಂತ ಸಾವಿರದ ಐನೂರು ವರ್ಷ ಹಿಂದೆ, ಕ್ರಿ.ಪೂ. 14ನೆಯ ಶತಮಾನದಲ್ಲಿ, ಈಜಿಪ್ತದ ಅರಸರಿಗೂ ಸುತ್ತಲಿನ ದೊರೆಗಳಿಗೂ ನಡೆದ ಪತ್ರವ್ಯವಹಾರ ಜೇಡಿಮಣ್ಣಿನ ಹಲಗೆಗಳಲ್ಲಿ ಸಿಕ್ಕಿದೆ. 1887ರಲ್ಲಿ ಅಮರ್ನಾ ಎಂಬಲ್ಲಿ ದೊರೆತ ಈ ಹಲಗೆಗಳ ಲಿಪಿ ಬಾಬಿಲೋನಿನದು. ಅದರಲ್ಲಿ ಸ್ವರಗಳು ಉಂಟು. ನಾವು ‘ಅಮೆನ್‌ಹೊತೆಪ್’ ಎಂದು ಓದುವ ಹೆಸರೇ ಅಲ್ಲಿ ಒಬ್ಬ ಸಣ್ಣ ಪಾಳೆಯಗಾರನಿಗಿದ್ದು, ‘ಅಮನ್‌ಹತ್ಪೆ’ ಎಂದು ಬರೆಯಲ್ಪಟ್ಟಿದೆ. ಅಂದಮೇಲೆ ಹಳೆಯ ಉಚ್ಚಾರ ಹೊತೆಪ್ ಅಲ್ಲ, ಹತ್ಪೆಗೆ ಹತ್ತಿರವಾದುದು. ಒಕಾರವೇ ಹೋಯಿತು, ಹೊಟ್ಟೆ ಎಲ್ಲಿ ನಿಲ್ಲಬೇಕು?

ಕನ್ನಡಕ್ಕೂ ಈಜಿಪ್ತಕ್ಕೂ ಸಂಬಂಧವೇ ಇಲ್ಲವೆಂದು ಇದರಿಂದ ಯಾರೂ ತಿಳಿಯಬೇಕಾಗಿಲ್ಲ. ಈಜಿಪ್ತದ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ, 1903ರಲ್ಲಿ ಅಚ್ಚಾದ 413ನೆಯದು ಒಂದು ಗ್ರೀಕ್ ಪ್ರಹಸನ. ಹಿಂದೂ ಮಹಾಸಾಗರದ ತೀರದಲ್ಲಿ ಸೆರೆಸಿಕ್ಕ ಖಾರಿತಿಯೊನ್ ಎಂಬ ಹೆಣ್ಣಿನ ಕಥೆ ಅದರಲ್ಲಿದೆ. ಅಲ್ಲಿಯ ದೊರೆಯೂ ಅವನ ಕಡೆಯವರೂ ಆಡುವ ಅರ್ಥವಾಗದ ಮಾತು ಕನ್ನಡವೆಂದು ಹುಲ್ಟ್ಸ್ ಎಂಬ ವಿದ್ವಾಂಸರು 1904ರಲ್ಲಿ ಸೂಚಿಸಿದರು. ನಮ್ಮ ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ವಿಚಾರವನ್ನು ಮುಂದೆ ನಡೆಸಿದರು. ಒಪ್ಪದಿರುವ ಪಂಡಿತರೂ ಇದ್ದಾರೆ. ಹಡಗು ವ್ಯಾಪಾರ ನಡೆದಿತ್ತೆಂಬುದು ಖಂಡಿತ. ಆದುದರಿಂದ ಆ ವಾದಕ್ಕೆ ನೆಲೆಯಾದರೂ ಉಂಟು. ಎರಡು ಶಬ್ದ ಕಿವಿಗೆ ಒಂದೇ ತೆರನಾಗಿ ಕೇಳಿತೆಂಬ ಮಾತ್ರಕ್ಕೆ ಬಳಗ ಕಟ್ಟುವುದು ಬೇರೆ ಸಂಗತಿ.

ಹೀಗೆಂದರೂ ಹೊಟ್ಟೆ ಎಂದ ಮಿತ್ರರು ಪೂರ್ತಿ ಸೋತರೆಂದು ನಾವು ಹೇಳಲಾರೆವು. ಈ ಶಬ್ದವನ್ನು ಬರೆಯುವ ಚಿತ್ರ ಯಾವುದು ಬಲ್ಲಿರಾ? ಜೊಂಡಿನ ಚಾಪೆ, ಅದರ ಮೇಲೆ ಒಂದು ರೊಟ್ಟಿ! ಈಜಿಪ್ತ ಭಾಷೆಯ ವ್ಯಾಕರಣ ಬರೆದ ಗಾರ್ಡಿನರ್ ಪಂಡಿತರ ಚಿಹ್ನೆಗಳ ಪಟ್ಟಿಯಲ್ಲಿ ಇದಕ್ಕೆ ಬೇರೆಯೇ ಒಂದು ಸಂಖ್ಯೆಯುಂಟು. ಚಾಪೆಯ ಚಿತ್ರದ ಪಕ್ಕದಲ್ಲಿ ತ್ ಎಂಬ ಧ್ವನಿಗೆ ಇನ್ನೊಂದು ಸಣ್ಣ ರೊಟ್ಟಿ, ಪ್ ಎಂಬುದಕ್ಕೆ ಒಂದು ಚೌಕ, ಓದುವವನು ತಪ್ಪದಿರಲೆಂದು. ಸಮಾಧಿಗಳ ಮುಂದೆ ಇಡುತ್ತಿದ್ದ ಕಲ್ಲಿನ ಎಡೆಪೀಠಗಳನ್ನು ಎಷ್ಟೋ ವೇಳೆ ಇದೇ ಚಿಹ್ನೆಯ ಆಕಾರದಲ್ಲಿ ಕಡೆದಿರುತ್ತಾರೆ. ಬರೆದ ಅಕ್ಷರವೇ ಊಟದ ಮಣೆಯಾಯಿತು.

ಇನ್ನು ಅರ್ಥ. ಇಂಗ್ಲಿಷ್ ನಿಘಂಟನ್ನು ತೆಗೆದರೆ ಈ ಒಂದು ಧಾತುವಿಗೆ ಹಲವು ಬೇರೆ ಬೇರೆ ಅರ್ಥ ಕೊಟ್ಟಿರುತ್ತಾರೆ. ತೃಪ್ತನಾಗು, ಶಾಂತನಾಗು, ವಿಶ್ರಮಿಸು, ಸೂರ್ಯ ಮುಳುಗು, ರಾಜಿಯಾಗು, ಮತ್ತು ನಾಮಪದವಾಗಿ ಶಾಂತಿ, ಅಷ್ಟೇ ಅಲ್ಲ, ನೈವೇದ್ಯ. ಆ ಭಾಷೆಯಲ್ಲಿ ಓದುವವನಿಗೆ ನೈವೇದ್ಯಕ್ಕೂ ಸೂರ್ಯಾಸ್ತಕ್ಕೂ ಎತ್ತಣ ನಂಟು ಎಂದು ತೋರುವುದು ಸಹಜ. ನಮಗೆ ಹಾಗೆ ತೋರಬೇಕಾಗಿಲ್ಲ. ಕನ್ನಡದ ‘ತಣಿ’ಯನ್ನು ನೋಡಿರಿ. ಉಂಡು ತಣಿದ, ಕಣ್ಣು ತಣಿಯಿತು, ಸಿಟ್ಟು ತಣಿಯಿತು, ಬಿಸಿಲು ತಣಿದ ಮೇಲೆ ಹೊರಟೆವು. ಹಸಿವೆ, ಕೋಪ, ಬಿಸಿಲು ಮೂರೂ ಒಂದೇ ಮಾತಿನಲ್ಲಿ ಇಳಿಯುತ್ತವೆ. ಈಜಿಪ್ತದವನು ಹಗಲೆಲ್ಲ ಉರಿದ ಸೂರ್ಯ ಪಡುವಣದ ಬೆಟ್ಟದ ಹಿಂದೆ ಇಳಿದಾಗ ಆಡಿದ ಮಾತನ್ನು ನಾವು ಇಳಿಹೊತ್ತಿನಲ್ಲಿ ದಿನವೂ ಆಡುತ್ತೇವೆ.

ನೈವೇದ್ಯದ ಅರ್ಥಕ್ಕೆ ಇನ್ನೂ ಹತ್ತಿರದ ಮಾತು ‘ಪ್ರಸಾದ’. ಸಂಸ್ಕೃತದಲ್ಲಿ ಇದರ ಮೊದಲ ಅರ್ಥ ತಿಳಿಯಾಗುವುದು, ಶಾಂತವಾಗುವುದು, ಒಲಿಯುವುದು. ನೀರು ತಿಳಿಯಾದರೂ ಪ್ರಸನ್ನ, ಮನಸ್ಸು ತಿಳಿಯಾದರೂ ಪ್ರಸನ್ನ. ಆ ಒಲುಮೆಯ ಹೆಸರೇ ದೇವರ ಮುಂದಿನಿಂದ ನಮ್ಮ ಕೈಗೆ ಬರುವ ಅನ್ನಕ್ಕೂ ಬಂದಿತು. ಶರಣರು ಅಷ್ಟಾವರಣಗಳಲ್ಲಿ ಪ್ರಸಾದವನ್ನು ಒಂದಾಗಿ ಎಣಿಸಿದರು. ಈಜಿಪ್ತದ ದೇವಾಲಯಗಳಲ್ಲಿಯೂ ಪದ್ಧತಿ ಇಂಥದೇ. ದೇವರ ಮುಂದೆ ಇಟ್ಟ ರೊಟ್ಟಿ ಮಾಂಸಾದಿಗಳಿಂದ ದೇವರು ‘ಹೊತೆಪ್’ ಆದಮೇಲೆ ಅದನ್ನೆಲ್ಲ ತೆಗೆದು ಪೂಜಾರಿಗಳೂ ಗುಡಿಯ ಚಾಕರಿಯವರೂ ಹಂಚಿಕೊಳ್ಳುತ್ತಿದ್ದರು. ಅದೇ ಅವರ ಸಂಬಳ. ಒಂದು ಭಾಷೆಯಿಂದ ಇನ್ನೊಂದು ಭಾಷೆ ಇದನ್ನು ಕಲಿಯಲಿಲ್ಲ. ಉಣಿಸಿ ಒಲಿಸುವ ಕೆಲಸವನ್ನು ಎರಡು ಕಡೆಯ ಜನರೂ ಮಾಡಿದರು, ಎರಡು ಕಡೆಯೂ ಮಾತು ಅದೇ ಜಾಡಿನಲ್ಲಿ ನಡೆಯಿತು.

‘ರಾಜಿ’ಯ ಅರ್ಥವೂ ಹಾಗೆಯೇ. ಕೋರ್ಟಿನಲ್ಲಿ ನಾವು ಆಡುವ ರಾಜಿ ಎಂಬುದು ಅರಬ್ಬಿಯ ಮಾತು. ಮೂಲದ ಅರ್ಥ ತೃಪ್ತನಾದವನು. ಎರಡು ಕಡೆಯವರೂ ತೃಪ್ತರಾದರೆ ರಾಜಿ, ಅದರ ಕಾಗದ ರಾಜೀನಾಮೆ. (ನಮ್ಮ ಕಛೇರಿಗಳಲ್ಲಿ ಮಾತ್ರ ಅತೃಪ್ತನಾದವನು ರಾಜೀನಾಮೆ ಕೊಡುತ್ತಾನೆ; ಶಬ್ದಗಳ ದೈವ ಹೀಗೂ ತಿರುಗುವುದುಂಟು.) ಈಜಿಪ್ತದ ಎರಡನೆಯ ರಾಜವಂಶದ ಮೊದಲ ಅರಸನ ಹೆಸರು ಹೊತೆಪ್‌ಸೆಖೆಮ್ವಿ: ‘ಎರಡು ಶಕ್ತಿಗಳು ರಾಜಿಯಾದವು’ ಎಂದು. ಕ್ರಿ.ಪೂ. 1259ರ ಸುಮಾರಿಗೆ ಎರಡನೆಯ ರಾಮ್ಸೆಸನು ಹಿಟ್ಟೈಟರ ದೊರೆಯೊಡನೆ ಮಾಡಿಕೊಂಡ ಪ್ರಸಿದ್ಧ ಒಪ್ಪಂದದ ಈಜಿಪ್ತ ಪಾಠವನ್ನು ಕಾರ್ನಾಕದ ಗುಡಿಯ ಗೋಡೆಯ ಮೇಲೆ ಕೆತ್ತಿಸಿದ್ದಾರೆ. ಅಲ್ಲಿಯೂ ಶಾಂತಿಗೆ ಬಂದಿರುವ ಶಬ್ದ ಇದೇ.

ಈಗ ವ್ಯಾಕರಣಕ್ಕೆ ಬರೋಣ. ಇದು ಒಣ ವಿಷಯವೆಂದು ಹಾಳೆ ಮಗುಚಬೇಡಿರಿ. ನಮ್ಮ ಬೀದರ ಮಿತ್ರರ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ; ಪ್ರಾಚೀನ ಈಜಿಪ್ತದಲ್ಲಿ ಸಾಮಾನ್ಯವಾಗಿ ಮೊದಲಿಗೆ. ಆದರೆ ಕರ್ತೃವನ್ನು ತೋರಿಸುವ ಪ್ರತ್ಯಯವನ್ನು ಧಾತುವಿನ ಬಾಲಕ್ಕೆ ಅಂಟಿಸುವ ಕ್ರಮ ನಮಗೆ ಪರಿಚಿತವೇ. ಹ್-ತ್-ಪ್ ಎಂಬುದಕ್ಕೆ ‘ಫ್’ ಹಚ್ಚಿದರೆ ಅವನು ತಣಿಯುತ್ತಾನೆ, ‘ಸ್’ ಹಚ್ಚಿದರೆ ಅವಳು, ‘ಕ್’ ಹಚ್ಚಿದರೆ ನೀನು. ಈ ನೀನು ಗಂಡಸು. ಹೆಂಗಸಾದರೆ ಬೇರೆ ಪ್ರತ್ಯಯ. ‘ನೀನು’ ಎನ್ನುವಾಗ ಗಂಡು ಹೆಣ್ಣೆಂದು ನಾವು ನೋಡುವುದಿಲ್ಲ, ಅವರು ನೋಡುತ್ತಿದ್ದರು.

ಇದರ ಜೊತೆಗೆ ಸ್ಥಿತಿಯನ್ನು ಹೇಳುವ ಇನ್ನೊಂದು ರೂಪವಿದೆ. ಕನ್ನಡದಲ್ಲಿ ‘ಉಂಡನು’ ಎಂಬುದಕ್ಕೂ ‘ಉಂಡಿದ್ದಾನೆ’ ಎಂಬುದಕ್ಕೂ ಇರುವ ಭೇದ ವಾಚಕರಿಗೆ ಗೊತ್ತೇ ಇದೆ. ಮೊದಲನೆಯದು ನಡೆದ ಕೆಲಸ. ಎರಡನೆಯದು ಆ ಕೆಲಸದಿಂದ ಬಂದು ಈಗಲೂ ಇರುವ ಅವಸ್ಥೆ. ಈಜಿಪ್ತದಲ್ಲಿ ಈ ಎರಡನೆಯ ಬಗೆಗೆ ಪ್ರತ್ಯೇಕವಾದ ಪ್ರತ್ಯಯಮಾಲೆಯೇ ಉಂಟು, ಮತ್ತು ಅಲ್ಲಿ ಕರ್ತೃ ಮೊದಲು ಬಂದು ಕ್ರಿಯಾಪದ ಅದರ ಹಿಂದೆ ಬರುತ್ತದೆ, ನಮ್ಮಲ್ಲಿರುವಂತೆ. ‘ಅಮೆನ್‌ಹೊತೆಪ್’ ಎಂಬ ಹೆಸರು ಈ ರೂಪದ್ದು. ಅಮುನ್ ದೇವರು ತಣಿದಿದ್ದಾನೆ, ಒಲಿದಿದ್ದಾನೆ, ಎಂದು ಅದರ ಅರ್ಥ. ಅದು ಅಡ್ಡಹೆಸರಲ್ಲ, ಪದವಿಯೂ ಅಲ್ಲ. ಒಂದು ಪೂರ್ಣ ವಾಕ್ಯ.

ಇಂಥ ವಾಕ್ಯವನ್ನು ಹುಡುಕಿಕೊಂಡು ನೈಲ್ ನದಿಯವರೆಗೆ ಹೋಗಬೇಕಾಗಿಲ್ಲ. ಊರಿನಿಂದ ನಮಗೆ ಬರುವ ಲಗ್ನಪತ್ರಿಕೆಯ ನೆತ್ತಿಯ ಮೇಲೆ ಏನು ಅಚ್ಚಾಗಿರುತ್ತದೆ? ‘ಶ್ರೀ ವೀರಭದ್ರೇಶ್ವರ ಪ್ರಸನ್ನ’, ‘ಶ್ರೀ ಲಕ್ಷ್ಮೀವೆಂಕಟೇಶ ಪ್ರಸನ್ನ’. ದೇವರ ಹೆಸರು, ಅದರ ಮುಂದೆ ಒಲಿದಿರುವ ಸ್ಥಿತಿಯನ್ನು ಹೇಳುವ ಒಂದು ಪದ. ‘ಅಮುನ್ ಪ್ರಸನ್ನ’ ಎಂದು ಬರೆದರೆ ಅಮೆನ್‌ಹೊತೆಪ್ ಎಂಬ ಹೆಸರಿಗೆ ಸರಿಯಾದ ಕನ್ನಡವಾಯಿತು. ಪ್ತಾಹ್‌ಹೊತೆಪ್ ಎಂದರೆ ಪ್ತಾಹ್ ಪ್ರಸನ್ನ. ಮೆಂತುಹೊತೆಪ್ ಎಂದರೆ ಮೊಂತು ಪ್ರಸನ್ನ. ಒಂದನೆಯ ರಾಜವಂಶದ ರಾಣಿಯೊಬ್ಬಳ ಹೆಸರು ನೇತ್‌ಹೊತೆಪ್, ನೇತ್ ದೇವಿ ಪ್ರಸನ್ನ. ದೇವಿಯ ಹೆಸರಾದ್ದರಿಂದ ಇಲ್ಲಿ ಸ್ತ್ರೀಲಿಂಗದ ಪ್ರತ್ಯಯ ಬರಬೇಕಾಗಿತ್ತು, ಬರೆಯುವಾಗ ಬಿಟ್ಟಿದ್ದಾರೆ. ಹಾಗೆಂದು ಅವರನ್ನು ಆಕ್ಷೇಪಿಸುವಂತಿಲ್ಲ. ನಾವೂ ‘ಶ್ರೀ ಬನಶಂಕರೀದೇವಿ ಪ್ರಸನ್ನ’ ಎಂದೇ ಅಚ್ಚು ಹಾಕಿಸುತ್ತೇವೆ, ‘ಪ್ರಸನ್ನಳು’ ಎಂದು ಯಾರೂ ಹಾಕಿಸಿದ್ದನ್ನು ಕಾಣೆವು.

ಇಂಥ ಹೆಸರು ರಾಜಕಾರಣಕ್ಕೂ ಸಿಕ್ಕಿಬಿದ್ದುದುಂಟು. ನಾಲ್ಕನೆಯ ಅಮೆನ್‌ಹೊತೆಪನು ಅಮುನ್ ದೇವರನ್ನು ತೊರೆದು ಸೂರ್ಯಬಿಂಬವಾದ ಅತೆನ್ನನ್ನೇ ಹಿಡಿದಾಗ ತನ್ನ ಹೆಸರನ್ನೂ ಅಖೆನಾತೆನ್ ಎಂದು ಬದಲಿಸಿಕೊಂಡನು. ಅವನ ಆಳುಗಳು ಗುಡಿಗುಡಿಗೆ ಹೋಗಿ ಉಳಿಯಿಂದ ಅಮುನ್ ಎಂಬ ಅಕ್ಷರಗಳನ್ನು ಕೆತ್ತಿ ತೆಗೆದರು. ಅವನ ತಂದೆಯ ಹೆಸರೂ ಅಮೆನ್‌ಹೊತೆಪ್. ಅದರಲ್ಲಿಯೂ ಅಮುನ್‌ನನ್ನು ಒಡೆದು ಹಾಕಿ ‘ಹೊತೆಪ್’ ಎಂಬುದನ್ನು ಉಳಿಸಿದರು. ದೇವರು ಹೋಗಿ ಪ್ರಸನ್ನತೆ ಮಾತ್ರ ಕಲ್ಲಿನ ಮೇಲೆ ನಿಂತಿತು.

ಇಮ್‌ಹೊತೆಪ್ ಎಂಬ ಹೆಸರಿನ ರಚನೆ ಬೇರೆ. ಅದನ್ನು ಇಯ್-ಎಮ್-ಹೊತೆಪ್ ಎಂದು ಬಿಡಿಸಬೇಕು. ‘ಇಯ್’ ಎಂದರೆ ಬಂದವನು, ಕೃದಂತ. ‘ಎಮ್’ ಎಂಬುದು ‘ಅಲ್ಲಿ, ಒಳಗೆ, ಆಗಿ’ ಎಂಬರ್ಥದ ಅವ್ಯಯ. ‘ಹೊತೆಪ್’ ಇಲ್ಲಿ ನಾಮಪದ. ಕೂಡಿಸಿದರೆ ‘ಶಾಂತಿಯಿಂದ ಬಂದವನು’. ನಮ್ಮ ಕಲಬುರ್ಗಿಯ ಕಡೆಯ ಮಾತಿನಲ್ಲಿ ಹೇಳುವುದಾದರೆ ‘ಆರಾಮ ಬಂದಾಂವ’. ಜೋಸೆರ್ ಅರಸನ ಮಂತ್ರಿಯಾಗಿ, ಕ್ರಿ.ಪೂ. 27ನೆಯ ಶತಮಾನದಲ್ಲಿ ಸಕ್ಕಾರಾದ ಮೆಟ್ಟಿಲು ಪಿರಮಿಡ್ಡಿನ ನಿರ್ಮಾಣಕ್ಕೆ ಕಾರಣನೆಂದು ಪ್ರಸಿದ್ಧನಾದ ಮಹಾಪುರುಷನ ಹೆಸರು ಇಷ್ಟು ಸರಳವಾದುದು. ಮುಂದೆ ಎರಡು ಸಾವಿರ ವರ್ಷ ಕಳೆದಮೇಲೆ ಅವನನ್ನು ರೋಗ ಕಳೆವ ದೇವರೆಂದು ಪೂಜಿಸಿದರು.

ಪ್ರೇರಣಾರ್ಥಕವನ್ನು ಹೇಳದೆ ಬಿಡಲಾಗದು. ನಾವು ತಣಿ ಎಂಬುದಕ್ಕೆ ಕೊನೆಯಲ್ಲಿ ‘ಸು’ ಹಚ್ಚಿ ತಣಿಸು ಎನ್ನುತ್ತೇವೆ. ಅವರು ಮೊದಲಲ್ಲಿ ‘ಸ್’ ಹಚ್ಚಿ ಸ್-ಹ್-ತ್-ಪ್ ಎನ್ನುತ್ತಿದ್ದರು. (ಸಕಾರ ಎರಡು ಕಡೆಯೂ ಇದೆಯಲ್ಲಾ ಎಂದು ಮಿತ್ರರು ಮತ್ತೆ ಮೇಲೇಳಬಾರದು!) ಒಂದನೆಯ ಅಮೆನೆಮ್‌ಹತ್ ಎಂಬ ಅರಸನು ಪಟ್ಟಾಭಿಷೇಕದಲ್ಲಿ ಧರಿಸಿದ ಹೆಸರು ಸೆಹೆತೆಪಿಬ್ರೆ, ‘ರಾ ದೇವನ ಹೃದಯವನ್ನು ತಣಿಸುವವನು’. ಸಿಂಹಮುಖದ ಉಗ್ರದೇವತೆ ಸೆಖ್ಮೆತಳನ್ನು ತಣಿಸುವ ವಿಧಿಗಳಿಗೂ ಇದೇ ಕ್ರಿಯಾಪದ. ಆಷಾಢದಲ್ಲಿ ನಮ್ಮ ನೆರೆಹೊರೆಯ ತೆಲುಗು ತಾಯಂದಿರು ತಲೆಯ ಮೇಲೆ ಬೋನದ ಗಡಿಗೆ ಹೊತ್ತು ಮಹಾಕಾಳಿಯ ಗುಡಿಗೆ ನಡೆಯುವುದನ್ನು ನೋಡಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಬೋನವೆಂದರೆ ಭೋಜನವಷ್ಟೆ.

ಇನ್ನು ನೈವೇದ್ಯದ ಸೂತ್ರ. ಈಜಿಪ್ತದ ಶವಪೆಟ್ಟಿಗೆಗಳ ಮೇಲೆ, ಸಮಾಧಿಯ ಕಲ್ಲುಗಳ ಮೇಲೆ ಅತಿ ಹೆಚ್ಚಾಗಿ ಕಾಣುವ ಬರಹ ‘ಹೊತೆಪ್ ದಿ ನೆಸು’ ಎಂದು ಆರಂಭವಾಗುತ್ತದೆ. ‘ನೆಸು’ ಅರಸ, ‘ದಿ’ ಕೊಡು. ‘ಅರಸು ಕೊಡುವ ಎಡೆ’ ಎಂದು ನಮ್ಮ ಕೃದಂತದಲ್ಲಿ ಮೂರೇ ಮಾತಿಗೆ ಮುಗಿಯುತ್ತದೆ. ‘ಅರಸು ಕೊಡಲಿ’ ಎಂದು ಓದಬೇಕೇ ಎಂಬ ಬಗ್ಗೆ ಪಂಡಿತರಲ್ಲಿ ಬಹುಕಾಲದ ಚರ್ಚೆಯುಂಟು. ಬರೆಯುವಾಗ ಅರಸನ ಚಿಹ್ನೆಯನ್ನು ಮೊದಲು ಇಡುತ್ತಾರೆ, ಓದುವಾಗ ಅದು ಕೊನೆಗೆ ಬರುತ್ತದೆ. ಅರಸನನ್ನು ಹಿಂದೆ ನಿಲ್ಲಿಸಿ ರೊಟ್ಟಿಯನ್ನು ಮುಂದೆ ಮಾಡುವುದು ಮರ್ಯಾದೆಯಲ್ಲವೆಂದು. ಅರಸನು ಒಸಿರಿಸ್ ಮೊದಲಾದ ದೇವರಿಗೆ ಕೊಡುತ್ತಾನೆ, ದೇವರಿಂದ ಅದು ಸತ್ತವನಿಗೆ ಪ್ರಸಾದವಾಗಿ ಹೋಗುತ್ತದೆ: ಸಾವಿರ ರೊಟ್ಟಿ, ಸಾವಿರ ಗಡಿಗೆ ಬೀರು, ಎತ್ತು, ಹಕ್ಕಿ, ನಾರುಬಟ್ಟೆ.

ಇದರಲ್ಲಿ ನಮ್ಮನ್ನು ಬಹಳ ಯೋಚನೆಗೆ ಹಚ್ಚಿದ ಭಾಗ ಒಂದಿದೆ. ಈ ಎಡೆಗೆ ಅವರು ಇಟ್ಟ ಇನ್ನೊಂದು ಹೆಸರಿನ ಅಕ್ಷರಾರ್ಥ ‘ದನಿ ಹೊರಡುವುದು’. ಮಕ್ಕಳು ಮೊಮ್ಮಕ್ಕಳು ಎಡೆ ಇಡುವುದನ್ನು ನಿಲ್ಲಿಸಿದರೂ, ದಾರಿಯಲ್ಲಿ ಹೋಗುವ ಪರಸ್ಥಳದವನೊಬ್ಬ ಆ ಬರಹವನ್ನು ಬಾಯಿಬಿಟ್ಟು ಓದಿದರೆ ಸಾಕು, ಸತ್ತವನಿಗೆ ಅನ್ನ ಮುಟ್ಟುತ್ತದೆಂದು ನಂಬಿದ್ದರು. ಸಮಾಧಿಗಳ ಮೇಲೆ ದಾರಿಹೋಕರನ್ನು ಕರೆದು, ನಿಮ್ಮ ಗಂಟಿನಿಂದ ಏನೂ ಖರ್ಚಾಗದು, ಬಾಯಿಯ ಉಸಿರಷ್ಟೇ ಸಾಕು, ಎಂಬರ್ಥದಲ್ಲಿ ಬೇಡಿಕೊಂಡ ಬರಹಗಳಿವೆ. ಮಹಾಲಯ ಅಮಾವಾಸ್ಯೆಗೆ ರಜೆ ಸಿಕ್ಕದೆ, ಊರಿನಲ್ಲಿ ಹಿರಿಯರಿಗೆ ಎಡೆ ಇಡುವ ಹೊತ್ತಿಗೆ ಇಲ್ಲಿ ಬಾಡಿಗೆಯ ಕೋಣೆಯಲ್ಲಿ ಕುಳಿತವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ನೈಷು ಎಂಬ ಆ ಹುಡುಗಿಯೂ ತನ್ನ ಊರಿನಿಂದ ಬಹಳ ದೂರ ಬಂದವಳು. ಪೆಟ್ಟಿಗೆಯ ಎದುರಿಗೆ ನಿಂತವರು ಅವಳ ಹೆಸರನ್ನಾದರೂ ಓದಿಕೊಳ್ಳುತ್ತಾರೆ.

ಈ ಸೂತ್ರವನ್ನು ಗೋಡೆಯ ಮೇಲೆ ಕೆತ್ತಿದವರ ಕಥೆ ಬೇರೆಯೇ ಇದೆ. ಅರಸರ ಸಮಾಧಿಗಳನ್ನು ಕೊರೆದು ಬಣ್ಣ ಹಚ್ಚುವ ಕೆಲಸಗಾರರಿಗೆಂದು ದೇರ್ ಎಲ್ ಮದೀನಾ ಎಂಬಲ್ಲಿ ಒಂದು ಊರೇ ಇತ್ತು. ಅವರ ಹಾಜರಿ ಪುಸ್ತಕಗಳು ಕಲ್ಲಿನ ಚೂರುಗಳ ಮೇಲೆ ಉಳಿದು ಬಂದಿವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಎರಡನೆಯ ರಾಮ್ಸೆಸನ 40ನೆಯ ವರ್ಷದ ಒಂದು ಹಾಜರಿಯಲ್ಲಿ ಗೈರುಹಾಜರಿಯ ಕಾರಣಗಳನ್ನೂ ಬರೆದಿದ್ದಾರೆ: ಕಾಯಿಲೆ, ಚೇಳು ಕಚ್ಚಿತು, ಮನೆಯಲ್ಲಿ ಬೀರು ಕುದಿಸುವುದಿತ್ತು, ತೀರಿಕೊಂಡ ತಾಯಿಯ ದೇಹಕ್ಕೆ ಬಟ್ಟೆ ಸುತ್ತುವುದಿತ್ತು. ಹಾಜರಿ ಬರೆಯುವ ಕೆಲಸದಲ್ಲಿರುವ ನಮ್ಮ ಗುಮಾಸ್ತ ಮಿತ್ರರಿಗೆ ಇವು ಹೊಸ ಕಾರಣಗಳೆನಿಸಲಾರವು, ಬೀರು ಒಂದನ್ನು ಬಿಟ್ಟು.

ಅವರ ಸಂಬಳ ಕಾಳಿನಲ್ಲಿ. ಒಬ್ಬ ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ 4 ಚೀಲ ಗೋದಿ, ಒಂದೂವರೆ ಚೀಲ ಜವೆ. ಮೂರನೆಯ ರಾಮ್ಸೆಸನ 29ನೆಯ ವರ್ಷದಲ್ಲಿ, ಎಂದರೆ ಕ್ರಿ.ಪೂ. 1157ರ ಸುಮಾರಿಗೆ, ಈ ಕಾಳು ಬರಲಿಲ್ಲ. ತಿಂಗಳು ಹದಿನೆಂಟು ದಿನ ಕಳೆದರೂ ಹಸಿದೇ ಇದ್ದೇವೆಂದು ಅವರು ಕೆಲಸ ಬಿಟ್ಟು, ಕಾವಲಿನ ಗೋಡೆಗಳನ್ನು ದಾಟಿಬಂದು ಒಂದು ಗುಡಿಯ ಹಿಂದೆ ಕುಳಿತುಬಿಟ್ಟರು. ಮೇಲಿನವರು ಬಂದು ಸಮಾಧಾನ ಹೇಳಿದರೂ ಏಳಲಿಲ್ಲ. ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ. ಇದನ್ನು ಅರಸರಿಗೂ ಮಂತ್ರಿಗೂ ಬರೆದು ತಿಳಿಸಿರಿ ಎಂದು ಕೇಳಿದರು. ಮರುದಿನ ಇನ್ನೊಂದು ಗುಡಿ. ಕೊನೆಗೆ ಕಾಳು ಕೊಟ್ಟರು. ಮುಂದೆ ಮತ್ತೆ ತಡವಾಯಿತು, ಮತ್ತೆ ಕುಳಿತರು. ಇದನ್ನೆಲ್ಲ ಅಮೆನ್ನಖ್ತ್ ಎಂಬ ಗುಮಾಸ್ತನು ಬರೆದಿಟ್ಟನು. ಆ ಪಪೈರಸ್ ಇಟಲಿಯ ಟ್ಯುರಿನ್ ನಗರದಲ್ಲಿದೆ; ಮುಷ್ಕರದ ಬಗ್ಗೆ ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ದಾಖಲೆ ಅದೇ ಎನ್ನುತ್ತಾರೆ. ಗೋಡೆಯ ಮೇಲೆ ಸತ್ತವರಿಗೆ ಸಾವಿರ ರೊಟ್ಟಿ ಕೆತ್ತಿದ ಕೈಗಳಿಗೆ ಮನೆಯಲ್ಲಿ ತಟ್ಟಲು ಹಿಟ್ಟಿರಲಿಲ್ಲ. ಚಾಪೆಯ ಮೇಲೆ ರೊಟ್ಟಿಯಿಲ್ಲದೆ ‘ಹೊತೆಪ್’ ಎಂದು ಬರೆಯಲು ಬರುವುದಿಲ್ಲವೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿದ್ದೀತು!

ಈ ಕೆಲಸಗಾರರ ಕುಲದೇವರ ಹೆಸರು ಕೇಳಿದರೆ ವಾಚಕರಿಗೆ ಸೋಜಿಗವಾದೀತು. ಅವನು ಕ್ರಿ.ಪೂ. 16ನೆಯ ಶತಮಾನದಲ್ಲಿ ಆಳಿದ ಒಂದನೆಯ ಅಮೆನ್‌ಹೊತೆಪ್. ತೀರಿಕೊಂಡ ಮೇಲೆ ಆ ಊರಿಗೆ ದೇವರಾದನು. ಅವನ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ತೆಗೆದಾಗ ಜನ ತಮ್ಮ ವ್ಯಾಜ್ಯಗಳನ್ನು ಅವನ ಮುಂದೆ ಇಡುತ್ತಿದ್ದರು: ಈ ಗುಡಿಸಲು ಯಾರದು, ಬಟ್ಟೆ ಕದ್ದವರು ಯಾರು. ಮೂರ್ತಿ ಮುಂದೆ ಸರಿದರೆ ಹೌದು, ಹಿಂದೆ ಸರಿದರೆ ಅಲ್ಲ. ನಮ್ಮ ಕಡೆ ಪಲ್ಲಕ್ಕಿಯ ದೇವರನ್ನು ಕೇಳುವುದು ಇದೇ ರೀತಿಯಲ್ಲ್ಲವೆ?

ಅವನ ಹಬ್ಬ ಬರುತ್ತಿದ್ದ ತಿಂಗಳಿಗೆ ‘ಅಮೆನ್‌ಹೊತೆಪನದು’ ಎಂಬ ಹೆಸರು ಬಿದ್ದು, ಕಾಪ್ಟಿಕ್ ಭಾಷೆಯಲ್ಲಿ ಪರೆಮ್‌ಹೊತೆಪ್ ಆಯಿತು. ಅರಬ್ಬಿ ನಾಲಗೆಯಲ್ಲಿ ಬರಮ್‌ಹಾತ್ ಆಯಿತು. ನಮ್ಮ ರೈತರು ರೋಹಿಣಿ, ಮಿರಗ ಎಂದು ಮಳೆಯ ಲೆಕ್ಕ ಹಿಡಿದಂತೆ ಈಜಿಪ್ತದ ರೈತರು ಇಂದಿಗೂ ಈ ಹಳೆಯ ತಿಂಗಳುಗಳಿಂದ ಬೆಳೆಯ ಲೆಕ್ಕ ಹಿಡಿಯುತ್ತಾರೆ. ಬರಮ್‌ಹಾತ್ ಬರುವುದು ಮಾರ್ಚ್ 10ರಿಂದ ಏಪ್ರಿಲ್ 8ರವರೆಗೆ. ನಮ್ಮ ಯುಗಾದಿ ಸಾಮಾನ್ಯವಾಗಿ ಅದರೊಳಗೇ ಬೀಳುತ್ತದೆ.